ಗಿಟಾರಿನ ಬ್ರಿಡ್ಜ್ ಎದ್ದದ್ದು ಮಳೆಯಿಂದಲ್ಲ, ಪಾಲಿಶ್ ಮೇಲೆ ಹಾಕಿದ ಅಂಟಿನಿಂದ

ಉಡುಪಿ
6 ಆಗಸ್ಟ್ 2025

ಇವರಿಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ವಿಷಯ: ಟ್ರೆಮೊಲೊ ಇರುವ ಅಕೌಸ್ಟಿಕ್ ಗಿಟಾರಿಗೆ ವಾರಂಟಿ ನಿರಾಕರಿಸಿದ ಬಗ್ಗೆ

ಮಾನ್ಯರೇ,

ಮಾರ್ಚ್ 14ರಂದು 18,500 ರೂಪಾಯಿ ಕೊಟ್ಟು ನಿಮ್ಮಿಂದ ಒಂದು ಅಕೌಸ್ಟಿಕ್ ಗಿಟಾರ್ ತರಿಸಿಕೊಂಡೆ. ಜುಲೈ 22ಕ್ಕೆ ಅದರ ಬ್ರಿಡ್ಜ್, ಅಂದರೆ ಒಡಲಿನ ಮೇಲೆ ತಂತಿಗಳನ್ನು ಹಿಡಿದಿಡುವ ಭಾಗ, ಎದ್ದು ಬಂತು. ವಾರಂಟಿ ಒಂದು ವರ್ಷದ್ದು. ಆದರೂ "ಕರಾವಳಿಯ ತೇವದಿಂದ ಆದ ಹಾನಿ, ವಾರಂಟಿ ಇಲ್ಲ" ಎಂದು ಎರಡು ಸಾಲಿನ ಮೇಲ್ ಕಳಿಸಿ ಕೈತೊಳೆದುಕೊಂಡಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ.

ನಾನು ಕಲ್ಸಂಕದ ಹತ್ತಿರ ಮಕ್ಕಳಿಗೆ ಗಿಟಾರ್ ಹೇಳಿಕೊಡುತ್ತೇನೆ. ಭಾವಗೀತೆ ಹಾಡುವವರ ಜೊತೆ ನುಡಿಸುತ್ತೇನೆ. ಹಾಡುವವರು ಸ್ವರವನ್ನು ಮೆಲ್ಲಗೆ ಜಾರಿಸಿ ಇಳಿಯುವಾಗ ಗಿಟಾರಿನ ಸ್ವರ ಫ್ರೆಟ್ಟಿಂದ ಫ್ರೆಟ್ಟಿಗೆ, ಅಂದರೆ ಕತ್ತಿನ ಮೇಲಿನ ಒಂದು ಲೋಹದ ಅಡ್ಡಪಟ್ಟಿಯಿಂದ ಇನ್ನೊಂದಕ್ಕೆ, ಹಾರುತ್ತದೆ. ತಂತಿ ಎಳೆದರೆ ಸ್ವರ ಏರುತ್ತದೆ, ಇಳಿಸುವುದು ಕಷ್ಟ. ಬ್ರಿಡ್ಜಿನಲ್ಲೇ ಟ್ರೆಮೊಲೊ ಎನ್ನುವ ಒಂದು ಹಿಡಿಕೆ, ಅದನ್ನು ಒತ್ತಿದರೆ ಒಟ್ಟಿಗೆ ನುಡಿಸಿದ ಸ್ವರಗಳ ಇಡೀ ಕಾರ್ಡ್ ಕೆಳಗೆ ಜಾರುತ್ತದೆ ಅಂದರೆ ಯಾರಿಗೆ ಆಸೆ ಆಗುವುದಿಲ್ಲ? ಎರಡು ತಿಂಗಳು ಉಳಿತಾಯ ಮಾಡಿ ತೆಗೆದುಕೊಂಡೆ.

ಶುರುವಿನಲ್ಲಿ ಚೆನ್ನಾಗಿಯೇ ಇತ್ತು. ಹಿಡಿಕೆ ಬಿಟ್ಟ ಮೇಲೆ ಮೂರನೇ ತಂತಿ ಮಾತ್ರ ಪೂರ್ತಿ ಶ್ರುತಿಗೆ ವಾಪಸ್ ಬರುತ್ತಿರಲಿಲ್ಲ. ಅದು ಲೋಹದ ಎಳೆ ಸುತ್ತಿದ ತಂತಿ, ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ನಟ್ಟಿನ ಗೆರೆಯಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಪೆನ್ಸಿಲಿನ ಪುಡಿ ಹಾಕಿ ಸರಿ ಮಾಡಿಕೊಂಡೆ. ಅದಕ್ಕೆ ನನ್ನ ದೂರಿಲ್ಲ.

ಜುಲೈನಲ್ಲಿ ತಂತಿಗಳು ಫ್ರೆಟ್ಟಿನಿಂದ ಮೇಲೆದ್ದ ಹಾಗೆ ಅನಿಸಿತು. ಮಕ್ಕಳಿಗೆ ಒತ್ತಲಿಕ್ಕೇ ಆಗುತ್ತಿರಲಿಲ್ಲ. ಬೆಳಕಿಗೆ ಹಿಡಿದು ನೋಡಿದೆ. ಬ್ರಿಡ್ಜಿನ ಹಿಂದಿನ ಅಂಚಿನ ಕೆಳಗೆ ಕೂದಲೆಳೆಯಷ್ಟು ಸಂದು. ಒಂದು ವಿಸಿಟಿಂಗ್ ಕಾರ್ಡ್ ತುರುಕಿದರೆ ಒಂದು ಸೆಂಟಿಮೀಟರ್ ಒಳಗೆ ಹೋಯಿತು. ಆಗಲೇ ನಿಮಗೆ ಫೋನ್ ಮಾಡಿದೆ. "ಟ್ರೆಮೊಲೊ ಸಮಸ್ಯೆಯಾ? ಬ್ಯಾಟರಿ ಬದಲಿಸಿದ್ದೀರಾ?" ಎಂದು ನಿಮ್ಮ ಸಿಬ್ಬಂದಿ ಕೇಳಿದರು. ಅವರನ್ನು ದೂರಿ ಪ್ರಯೋಜನವಿಲ್ಲ. ಟ್ರೆಮೊಲೊ ಅಂದರೆ ದನಿಯ ಗಟ್ಟಿತನ ಏರಿಳಿಯುವುದು, ಅದಕ್ಕೆ ಬ್ಯಾಟರಿ ಹಾಕುವ ಪೆಡಲ್ ಬರುತ್ತದೆ. ಸ್ವರವೇ ಏರಿಳಿದರೆ ಅದು ವೈಬ್ರಾಟೊ. 1954ರಲ್ಲಿ ಗಿಟಾರ್ ತಯಾರಕ ಲಿಯೊ ಫೆಂಡರ್ ತನ್ನ ಸ್ಟ್ರಾಟೊಕ್ಯಾಸ್ಟರ್ ಎಂಬ ಎಲೆಕ್ಟ್ರಿಕ್ ಗಿಟಾರಿನ ಹಿಡಿಕೆಯನ್ನು ಟ್ರೆಮೊಲೊ ಅಂತ ಕರೆದ ಮೇಲೆ ಆ ಹೆಸರೇ ಉಳಿದುಬಿಟ್ಟಿದೆ. ನೀವು ಮಾರುವ ವಸ್ತು ಏನೆಂದು ನಿಮ್ಮ ಸಿಬ್ಬಂದಿಗೆ ಹೇಳಿಕೊಡಬೇಕಾದವರು ನೀವು, ಅಲ್ವಾ?

ಮೂರು ದಿನಕ್ಕೆ ಬ್ರಿಡ್ಜ್ ಟಪ್ಪೆಂದು ಕಳಚಿಕೊಂಡಿತು. ತಿರುಗಿಸಿ ನೋಡಿದರೆ ಅದು ಕೂತಿದ್ದ ಜಾಗ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಮರದ ಒಂದು ನಾರೂ ಕಿತ್ತು ಬಂದಿರಲಿಲ್ಲ. ಪಕ್ಕದ ಮನೆಯಲ್ಲಿ ಮರದ ಕೆಲಸಕ್ಕೆ ಬಂದಿದ್ದ ಆಚಾರ್ರಿಗೆ ತೋರಿಸಿದೆ. ಉಗುರಿನಲ್ಲಿ ಕೆರೆದು ನೋಡಿದವರೇ, "ಪಾಲಿಶ್ ತೆಗೆಯದೆ ಅಂಟು ಹಾಕಿದ್ದಾರೆ. ಇದು ಹಿಡಿಯುವುದುಂಟಾ ಮಾರಾಯ್ರೆ?" ಅಂದರು. ಮರಕ್ಕೆ ಮರ ತಾಗಿದರೆ ಮಾತ್ರ ಅಂಟು ನಿಲ್ಲುತ್ತದೆ. ಗಿಟಾರ್ ಮಾಡುವ ಯಾರಿಗೂ ಇದು ಹೊಸ ವಿಷಯವಲ್ಲ. ಫೋಟೋಗಳನ್ನು ಇದರ ಜೊತೆ ಕಳಿಸಿದ್ದೇನೆ.

ಇನ್ನು ವಿನ್ಯಾಸದ ಮಾತು. ಕಳಚಿದ ಬ್ರಿಡ್ಜನ್ನು ಅಂಗಡಿಯ ತಕ್ಕಡಿಯಲ್ಲಿ ತೂಗಿದೆ. ಸ್ಪ್ರಿಂಗ್, ಕಬ್ಬಿಣದ ತುಂಡು ಎಲ್ಲಾ ಸೇರಿ 312 ಗ್ರಾಂ. ಮಾಮೂಲಿ ಮರದ ಬ್ರಿಡ್ಜ್ 30 ಗ್ರಾಂ ಆಸುಪಾಸು ಇರುತ್ತದೆ. ಇಷ್ಟು ಭಾರವನ್ನು ಮೂರು ಮಿಲಿಮೀಟರ್ ಹಲಗೆಯ ಮೇಲೆ ಕೂರಿಸಿದ್ದೀರಿ. ನೀವೇ ಹಾಕಿ ಕಳಿಸಿದ 12-53 ದಪ್ಪದ ತಂತಿಗಳು ಶ್ರುತಿಗೆ ಬಂದಾಗ ಎಳೆಯುವುದು ಒಟ್ಟು 74 ಕಿಲೋದಷ್ಟು. ಅಷ್ಟನ್ನೂ ತಡೆಯಬೇಕಾದದ್ದು ಆ ಅಂಟೊಂದೇ. ಅಮೆರಿಕದ ಪಾಲ್ ಬಿಗ್ಸ್‌ಬಿ 1950ರ ದಶಕದಲ್ಲಿ ಇಂಥದ್ದೇ ಹಿಡಿಕೆ ಮಾಡಿದ. ಪೊಳ್ಳು ಒಡಲಿನ ಗಿಟಾರುಗಳಲ್ಲಿ ಅದನ್ನು ಬುಡದ ಅಂಚಿಗೆ ಸ್ಕ್ರೂ ಹಾಕಿ ಕೂರಿಸುತ್ತಾರೆ. ಎಳೆತ ಅಲ್ಲಿಗೆ ಹೋಗುತ್ತದೆ, ಬ್ರಿಡ್ಜಿನ ಮೇಲೆ ತಂತಿ ಬರೀ ಒತ್ತುತ್ತದೆ. 1960ರ ದಶಕದಲ್ಲಿ ಗಿಬ್ಸನ್ ಕಂಪನಿ ಕೆಲವು ಅಕೌಸ್ಟಿಕ್ ಗಿಟಾರುಗಳಿಗೆ ಪ್ಲಾಸ್ಟಿಕ್ ಬ್ರಿಡ್ಜ್ ಹಾಕಿತ್ತು, ಅದನ್ನೂ ಒಳಗಿನಿಂದ ಸ್ಕ್ರೂ ಬಿಗಿದೇ ಕೂರಿಸಿತ್ತು. ಹೊಸ ಪ್ರಯೋಗ ಬೇಡ ಅಂತ ನಾನು ಹೇಳುವುದಿಲ್ಲ. ನನಗೆ ಅದು ಬೇಕಿತ್ತು, ಅದಕ್ಕೇ ದುಡ್ಡು ಕೊಟ್ಟೆ. ಆದರೆ ಒಂದು ಸ್ಕ್ರೂ ಕೂಡ ಇಲ್ಲದೆ, ಪಾಲಿಶ್ ಮೇಲೆ ಅಂಟಿಸಿ ಕಳಿಸುವುದು ಪ್ರಯೋಗ ಅಲ್ಲ.

ತೇವದ ವಿಷಯ. ಆಟಿ ತಿಂಗಳ ಮಳೆ ಹೇಗಿರುತ್ತದೆಂದು ಇಲ್ಲಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನುಡಿಸಿದ ಮೇಲೆ ಗಿಟಾರ್ ಪೆಟ್ಟಿಗೆಯೊಳಗೆ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ. ಅದೇ ಕೋಣೆಯಲ್ಲಿ 11 ವರ್ಷ ಹಳೆಯ ಇನ್ನೊಂದು ಗಿಟಾರ್ ಇದೆ. ಇದಕ್ಕಿಂತ ಕಡಿಮೆ ಬೆಲೆಯದ್ದು. ಅಷ್ಟೂ ಮಳೆಗಾಲ ಕಂಡಿದೆ, ಬ್ರಿಡ್ಜ್ ಅಲುಗಿಲ್ಲ. ನಿಮ್ಮ ಕೈಪಿಡಿಯಲ್ಲಿ ತೇವದ ಬಗ್ಗೆ ಒಂದು ಸಾಲೂ ಇಲ್ಲ. ಉಡುಪಿಯ ಪಿನ್‌ಕೋಡ್ ಹಾಕಿದಾಗ ಆರ್ಡರ್ ತೆಗೆದುಕೊಂಡಿರಿ, ಆಗ ಕರಾವಳಿ ಕಾಣಲಿಲ್ಲವೇ?

ನನಗೆ ಪೂರ್ತಿ ಹಣ ವಾಪಸ್ ಬೇಕು. ಅದೇ ಮಾದರಿಯ ಇನ್ನೊಂದು ಗಿಟಾರ್ ಬೇಡ. ನನ್ನ ಖರ್ಚಿನಲ್ಲಿ ಬೆಂಗಳೂರಿಗೆ ಕಳಿಸಲು ಹೇಳಿದ್ದೀರಿ, ಅದೂ ಆಗುವುದಿಲ್ಲ. ನಿಮ್ಮ ಕೊರಿಯರ್‌ನವರೇ ಬಂದು ತೆಗೆದುಕೊಂಡು ಹೋಗಬೇಕು. 15 ದಿನದಲ್ಲಿ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನಾನಿರುವ ಜಿಲ್ಲೆಯ ಗ್ರಾಹಕ ಆಯೋಗಕ್ಕೇ ದೂರು ಕೊಡಬಹುದು, ಕೊಡುತ್ತೇನೆ.

ಬ್ರಿಡ್ಜನ್ನು ಮತ್ತೆ ಅಂಟಿಸಿಲ್ಲ, ಆ ಜಾಗವನ್ನು ಒರೆಸಿಯೂ ಇಲ್ಲ. ಕಳಚಿದಾಗ ಹೇಗಿತ್ತೋ ಹಾಗೇ ಪೆಟ್ಟಿಗೆಯಲ್ಲಿದೆ. ನಿಮ್ಮವರು ಬಂದು ನೋಡಬಹುದು.

ಇತಿ,
ನಿಮ್ಮ ಗ್ರಾಹಕ
ಕಲ್ಸಂಕ, ಉಡುಪಿ