ಭಾನುವಾರ ಎರಡನೇ ಮೇಣದಬತ್ತಿ, ಎಲ್ಲರೂ ಓದಿ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಆಗಮನ ಕಾಲದ, ಅಂದರೆ ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಕಾಲದ, ಎರಡನೇ ಬತ್ತಿ ಹಚ್ಚುತ್ತೇವೆ, ಶಾಂತಿಯದ್ದು. ಅಡಿಕೆ ಸುಗ್ಗಿ, ರಾತ್ರಿವರೆಗೂ ಸುಲಿಯುವ ಕೆಲಸ ಇರುತ್ತೆ, ಗೊತ್ತು. ಆದರೂ ಸಂಜೆ ಹತ್ತು ನಿಮಿಷ ಬಿಡುವು ಮಾಡಿಕೊಂಡು ಮನೆಯವರೆಲ್ಲ ಕೂತು ಬೈಬಲಿನ ಯೆಶಾಯ 2:4 ಓದಿ.

ಕತ್ತಿಯನ್ನು ನೇಗಿಲ ಗುಳ, ಭರ್ಜಿಯನ್ನು ಕುಡುಗೋಲು ಮಾಡುವ ಮಾತು ಅದು. ನಿನ್ನೆ ತೀರ್ಥಹಳ್ಳಿಯ ಕುಲುಮೆಯಲ್ಲಿ ಅಡಿಕೆ ಸುಲಿಯುವ ಮೆಟ್ಟುಗತ್ತಿ ತಟ್ಟಿಸುವಾಗ ನೋಡುತ್ತಾ ನಿಂತಿದ್ದೆ, ಕಬ್ಬಿಣ ಕೆಂಪಗೆ ಕಾದರೂ ಒಂದೇ ಏಟಿಗೆ ಬಗ್ಗಲಿಲ್ಲ, ಮತ್ತೆ ಮತ್ತೆ ಬೆಂಕಿಗೆ ಹಾಕಿ ಬಡಿದರು. ಶಾಂತಿಯೂ ಸುಮ್ನೆ ಬರೋದಿಲ್ಲ ಅಲ್ವಾ?

2023ರಲ್ಲಿ ಗಾಜಾ ಯುದ್ಧದಿಂದಾಗಿ ಯೇಸು ಹುಟ್ಟಿದ ಬೆತ್ಲೆಹೇಮಿನಲ್ಲೇ ಕ್ರಿಸ್ಮಸ್ ಸಂಭ್ರಮ ಇರಲಿಲ್ಲ. ಅಲ್ಲಿನ ಲೂಥರನ್ ಚರ್ಚಿನಲ್ಲಿ ಬಾಲಯೇಸುವನ್ನು ಒಡೆದ ಕಲ್ಲುಗಳ ನಡುವೆ ಮಲಗಿಸಿದ್ದರು. ಆ ಫೋಟೊ ನನ್ನ ಮನಸ್ಸಿನಿಂದ ಹೋಗಿಲ್ಲ. ಯೇಸು ಹುಟ್ಟಿದಾಗ ರಾಜನಾಗಿದ್ದ ಹೆರೋದನೂ ಮಕ್ಕಳನ್ನು ಕೊಲ್ಲಿಸಿದ್ದ, ಅಂಥ ಲೋಕಕ್ಕೇ ಯೇಸು ಬಂದಿದ್ದು, ಅದಕ್ಕೇ ನನಗೆ ನಂಬಿಕೆ ಜಾಸ್ತಿ.

ಒಂದು ವಿನಂತಿ. ಹೊಡೆದಾಟದ ವಿಡಿಯೊ, ಯಾವ ಧರ್ಮದವರ ಮೇಲಾದರೂ ಸಿಟ್ಟು ಹುಟ್ಟಿಸುವ ಮೆಸೇಜ್ ಈ ಗ್ರೂಪಿನಲ್ಲಿ ಹಾಕಬೇಡಿ. ಮಾತು ಬಿಟ್ಟ ನೆರೆಮನೆಯವರಿದ್ದರೆ ಈ ವಾರ ಹೋಗಿ ಮಾತಾಡಿಸಿ, ನಾನೂ ಒಂದು ಮನೆಗೆ ಹೋಗಬೇಕಿದೆ. ಮೇಣದಬತ್ತಿ ಬೇಕಾದವರು ಶನಿವಾರದೊಳಗೆ ಹೇಳಿ.