ಹರಳುಗಳ ಮೈಕ್ರೋವೇವ್ ಅಳತೆ ಮುಗಿಯಿತು: ಸಲ್ಲಬೇಕಾದವರಿಗೆ ಧನ್ಯವಾದ

ಇಟ್ರಿಯಂ-ಬೇರಿಯಂ-ತಾಮ್ರದ ಆಕ್ಸೈಡ್ ಒಂದು ಅತಿವಾಹಕ: ಸುಮಾರು 92 ಕೆಲ್ವಿನ್‌ಗಿಂತ (ಸೊನ್ನೆಗಿಂತ 181 ಡಿಗ್ರಿ ಸೆಲ್ಸಿಯಸ್ ಕೆಳಗೆ) ತಣಿಸಿದರೆ ವಿದ್ಯುತ್ತಿಗೆ ತಡೆಯೇ ಇರುವುದಿಲ್ಲ. ಅದರ ಹರಳುಗಳು ಮೈಕ್ರೋವೇವ್ ಹೀರುವ ಬಗೆಯನ್ನು ಅಳೆಯುವ ಕೆಲಸ ಕೊನೆಗೂ ಮುಗಿದಿದೆ. ಪ್ರಬಂಧದಲ್ಲಿ ಬಾರದ ಕೆಲವರಿಗೆ ಇಲ್ಲಿ ನಮಸ್ಕಾರ ಹೇಳಬೇಕು.

ಮೊದಲು ಹರಳು ಬೆಳೆಸಿಕೊಟ್ಟವರಿಗೆ. ಬೆಳೆದ ಹರಳಿನಲ್ಲಿ ಆಮ್ಲಜನಕ ಸಾಲದು. ಹರಿಯುವ ಆಮ್ಲಜನಕದಲ್ಲಿ 450–500 ಡಿಗ್ರಿ ಸೆಲ್ಸಿಯಸ್‌ನಲ್ಲಿ ದಿನಗಟ್ಟಲೆ ಇಡಬೇಕು. ಅವಸರ ಮಾಡಿದರೆ ಅಂಚಿಗೆ ಸೇರಿದ್ದು ನಡುವಿಗೆ ತಲುಪುವುದಿಲ್ಲ, 92 ಕೆಲ್ವಿನ್ ಹತ್ತಿರ ಚೂಪಾಗಿ ಏಳಬೇಕಾದ ಹೀರಿಕೆಯ ಶಿಖರ ಹರಡಿಕೊಳ್ಳುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಸ್. ವಿ. ಭಟ್, ಪಿ. ಗಂಗೂಲಿ, ಟಿ. ವಿ. ರಾಮಕೃಷ್ಣನ್, ಸಿ. ಎನ್. ಆರ್. ರಾವ್ 1987ರಲ್ಲಿ ಈ ಹೀರಿಕೆಯನ್ನು ವರದಿ ಮಾಡಿದಾಗಲೇ ಆಮ್ಲಜನಕದ ಪಾತ್ರವನ್ನು ಎತ್ತಿ ತೋರಿಸಿದ್ದರು. ಅವರಿಗೂ ನಾವು ಋಣಿಗಳು.

ವರ್ಕ್‌ಶಾಪಿನವರ ಉಪಕಾರ ಎಲ್ಲಕ್ಕಿಂತ ದೊಡ್ಡದು. ನಾವು ಬಳಸಿದ ಇಎಸ್‌ಆರ್ (ಎಲೆಕ್ಟ್ರಾನ್ ಸ್ಪಿನ್ ಅನುರಣನ) ಯಂತ್ರ 9.4 ಗಿಗಾಹರ್ಟ್ಸ್‌ನಲ್ಲಿ ಸಾಮಾನ್ಯವಾಗಿ ದುಡಿಯುವುದು 335 ಮಿಲಿಟೆಸ್ಲಾ ಆಸುಪಾಸಿನ ಕಾಂತಕ್ಷೇತ್ರದಲ್ಲಿ. ನಮಗೆ ಬೇಕಿದ್ದದ್ದು ಸೊನ್ನೆಯ ಆಚೀಚೆ. ಕರೆಂಟ್ ತೆಗೆದರೂ ಕಬ್ಬಿಣದ ಧ್ರುವಗಳಲ್ಲಿ ಒಂದಿಷ್ಟು ಕಾಂತಕ್ಷೇತ್ರ ಉಳಿದೇ ಇರುತ್ತದೆ. ಅದರಲ್ಲೇ ಹರಳನ್ನು ತಣಿಸಿದರೆ ಫ್ಲಕ್ಸ್ (ಕಾಂತರೇಖೆಗಳು) ಒಳಗೆ ಸಿಕ್ಕಿಕೊಳ್ಳುತ್ತದೆ, ಬಿಡಿಸಲು ಮತ್ತೆ 92 ಕೆಲ್ವಿನ್ ದಾಟಿಸಿ ಬಿಸಿ ಮಾಡುವುದೊಂದೇ ದಾರಿ. ಅವರು ಸುತ್ತಿಕೊಟ್ಟ ಹೆಲ್ಮ್‌ಹೋಲ್ಟ್ಸ್ ಸುರುಳಿಗಳಿಂದ (ನಡುವೆ ಏಕರೂಪದ ಕ್ಷೇತ್ರ ಕೊಡುವ ತಂತಿಸುರುಳಿಗಳ ಜೋಡಿ) ಆ ಉಳಿಕೆಯನ್ನು ಅಳಿಸಿ, ಕ್ಷೇತ್ರವನ್ನು ಸೊನ್ನೆಯ ಎರಡೂ ಬದಿ ಸ್ವೀಪ್ ಮಾಡಲು ಆಯಿತು. ಹೋಲಿಕೆಗೆ ಬಳಸುವ ಡಿಪಿಪಿಎಚ್ ಪುಡಿಯ ಗೆರೆಗೆ ನಮ್ಮ ಗೆರೆ ತಲೆಕೆಳಗಾಗಿ ಬಂತು, ಬರಬೇಕಾದದ್ದೇ: ಅಲ್ಲಿ ಅನುರಣನದಲ್ಲಿ ಹೀರಿಕೆ ಗರಿಷ್ಠ, ಇಲ್ಲಿ ಸೊನ್ನೆಯಲ್ಲಿ ಕನಿಷ್ಠ. ಮಾಡ್ಯುಲೇಷನ್ (ಕ್ಷೇತ್ರವನ್ನು ಸಣ್ಣಗೆ ಅಲುಗಿಸುವುದು) ಹೆಚ್ಚಿಸಿದರೆ ಸಿಗ್ನಲ್ ದೊಡ್ಡದಾಗುತ್ತದೆ ನಿಜ, ಆದರೆ ಹರಳಿನೊಳಗಿನ ದುರ್ಬಲ ಅತಿವಾಹಕ ಸಂದುಗಳಿಂದ ಬರುವ ಒತ್ತೊತ್ತಾದ ಜೋಸೆಫ್ಸನ್ ಗೆರೆಗಳು ಕಲಸಿಹೋಗುತ್ತವೆ. ಆ ಆಸೆಗೆ ಬೀಳಬಾರದು.

ಗಾಜಿನ ಕೆಲಸದವರು ಕ್ವಾರ್ಟ್ಸ್ ಕೊಳವೆಯ ಗಾಳಿ ತೆಗೆದು, ಶಾಖ ಸಾಗಲೆಂದು ಸ್ವಲ್ಪ ಹೀಲಿಯಂ ಬಿಟ್ಟು ಬೆಸೆದರು. ಗಾಳಿ ಉಳಿದಿದ್ದರೆ ತಣಿದಾಗ ಅದರ ಆಮ್ಲಜನಕ ತನ್ನದೇ ಸಿಗ್ನಲ್ ಕೊಟ್ಟು ಕಾಡುತ್ತದೆ. ದ್ರವ ನೈಟ್ರೋಜನ್ ತಪ್ಪದೆ ಒದಗಿಸಿದವರಿಗೂ, ಅದರ ಗುಳ್ಳೆಗಳ ಗದ್ದಲ ನಿಲ್ಲಿಸಲು ಸಣ್ಣಗೆ ಹೀಲಿಯಂ ಹಾಯಿಸುವ ಉಪಾಯ ಹೇಳಿದವರಿಗೂ ವಂದನೆ.

ಸುರುಳಿಗಳು ಲ್ಯಾಬಿನಲ್ಲೇ ಇರುತ್ತವೆ, ಬೇಕಾದವರು ಒಯ್ಯಬಹುದು. ದಿಕ್ಕು ಬದಲಿಸುವ ಮುನ್ನ ಕರೆಂಟನ್ನು ಸೊನ್ನೆಗೆ ಇಳಿಸಿ.