ಅಮ್ಮ, ಇದು ಕೈ ಚಾಚುವುದಲ್ಲ

ಎಡಿನ್‌ಬರಾ
ಏಪ್ರಿಲ್ 14

ಪ್ರೀತಿಯ ಅಮ್ಮನಿಗೆ ನಮಸ್ಕಾರಗಳು.

ನಾವಿಲ್ಲಿ ಎಲ್ಲರೂ ಕ್ಷೇಮ. ಮೊನ್ನೆ ಫೋನಿನಲ್ಲಿ ನೀನು ಕೇಳಿದ ಮಾತು ತಲೆಯಲ್ಲೇ ಸುತ್ತುತ್ತಿದೆ. "ಅಪ್ಪನ ಕಾಯಿಲೆ ಹೇಳಿಕೊಂಡು ಊರವರ ಮುಂದೆ ಕೈ ಚಾಚೋದಾ? ನಮಗೇನು ಅಂಥ ಗತಿ ಬಂದಿದೆ?" ಅಂದೆ. ಉತ್ತರ ಹೇಳುವಷ್ಟರಲ್ಲಿ ನೆಟ್‌ವರ್ಕ್ ಹೋಯಿತು. ಫೋನಿನಲ್ಲಿ ಮುಗಿಯುವ ವಿಷಯವೂ ಅಲ್ಲ ಬಿಡು. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಅಪ್ಪನಿಗೆ ಓದಿ ಹೇಳು. ಅಣ್ಣ, ಅತ್ತಿಗೆಗೂ ತೋರಿಸು.

ಮೊದಲೇ ಹೇಳಿಬಿಡುತ್ತೇನೆ. ಅಪ್ಪನ ಮಾತ್ರೆಗೋ ಆಸ್ಪತ್ರೆ ಖರ್ಚಿಗೋ ನಾವು ಯಾರನ್ನೂ ಕೇಳಬೇಕಾಗಿಲ್ಲ. ಅದಕ್ಕೆ ಅಣ್ಣ ಇದ್ದಾನೆ, ನಾನಿದ್ದೇನೆ. ನಾನು ಹೇಳಿದ್ದು ಈ ಪಾರ್ಕಿನ್ಸನ್ ಕಾಯಿಲೆಯ ಸಂಶೋಧನೆಗೆ ನಮ್ಮ ಊರಿನವರು ಸೇರಿ ದುಡ್ಡು ಕೂಡಿಸುವ ವಿಷಯ. ಅದು ನಮ್ಮ ಮನೆಗೆ ಬರುವ ದುಡ್ಡಲ್ಲ. ನಾವೂ ಕೊಡುವ ದುಡ್ಡು.

ಇಲ್ಲಿ ಏಪ್ರಿಲ್ 11ರಂದು ವಿಶ್ವ ಪಾರ್ಕಿನ್ಸನ್ ದಿನ ಅಂತ ಮಾಡುತ್ತಾರೆ. 1755ರಲ್ಲಿ ಆ ದಿನವೇ ಲಂಡನ್ನಿನಲ್ಲಿ ಜೇಮ್ಸ್ ಪಾರ್ಕಿನ್ಸನ್ ಎಂಬ ಡಾಕ್ಟರು ಹುಟ್ಟಿದ್ದು. 1817ರಲ್ಲಿ ಅವರು ಆರು ಜನರ ನಡುಕ, ನಡಿಗೆ ಎಲ್ಲವನ್ನೂ ಗಮನಿಸಿ ಒಂದು ಸಣ್ಣ ಪುಸ್ತಕ ಬರೆದರು. ಆ ಆರು ಜನರಲ್ಲಿ ಕೆಲವರು ಅವರ ಹತ್ತಿರ ಮದ್ದಿಗೆ ಬಂದವರೂ ಅಲ್ಲ, ಬೀದಿಯಲ್ಲಿ ಕಣ್ಣಿಗೆ ಬಿದ್ದವರು. ಅಲ್ಲಿಂದ ಕಾಯಿಲೆಗೆ ಅವರ ಹೆಸರು ನಿಂತಿತು.

ನಮ್ಮ ಬಡಾವಣೆಯ ಚರ್ಚ್ ಹಾಲಿನಲ್ಲಿ ಆ ದಿನದ ಲೆಕ್ಕದಲ್ಲಿ ಒಂದು ಸಣ್ಣ ಮಾರಾಟ ಇಟ್ಟಿದ್ದರು. ಮನೆಯಲ್ಲೇ ಮಾಡಿದ ಕೇಕು, ಹಳೆಯ ಪುಸ್ತಕ, ಕೈಯಲ್ಲಿ ಹೆಣೆದ ಟೋಪಿ. ನಾನು ಅಣ್ಣ ಕಳಿಸಿದ ನಮ್ಮ ತೋಟದ ಪುಡಿಯಲ್ಲಿ ಫಿಲ್ಟರ್ ಕಾಫಿ ಮಾಡಿಟ್ಟೆ. ಒಂದು ಲೋಟಕ್ಕೆ ಎರಡು ಪೌಂಡ್. ಚಿಕ್ಕೋರಿ ಹಾಕದ ಕಾಫಿ, ಕೊಡಗಿನದ್ದು ಅಂತ ಬೋರ್ಡು ಬರೆದಿದ್ದೆ. ಡಿಕಾಕ್ಷನ್ ಖಾಲಿಯಾಗಿ ಮತ್ತೆ ಹಾಕಬೇಕಾಯಿತು. ಅಪ್ಪನಿಗೆ ಇದನ್ನು ಮರೆಯದೆ ಹೇಳು.

ನಿನಗೆ ಮುಖ್ಯವಾಗಿ ಹೇಳಬೇಕಾದದ್ದು ಪಕ್ಕದ ಟೇಬಲ್ಲಿನ ವಿಷಯ. ಅಲ್ಲಿ ಟೀ ಕೊಡುತ್ತಿದ್ದವರು ಬಸ್ ಡ್ರೈವರ್ ಆಗಿ ನಿವೃತ್ತಿಯಾದ ಒಬ್ಬರು. ಅವರಿಗೂ ಅಪ್ಪನ ಕಾಯಿಲೆಯೇ. ಬಲಗೈ ಅಪ್ಪನದ್ದಕ್ಕಿಂತ ಜಾಸ್ತಿ ನಡುಗುತ್ತದೆ. ಕೆಟಲ್ಲನ್ನು ಎರಡೂ ಕೈಯಲ್ಲಿ ಹಿಡಿದು, ಮೊಣಕೈ ಎರಡನ್ನೂ ಟೇಬಲ್ಲಿಗೆ ಊರಿ, ಕಪ್ಪಿಗೆ ಅರ್ಧ ಮಾತ್ರ ಸುರಿಯುತ್ತಿದ್ದರು. ಪೂರ್ತಿ ತುಂಬಿದರೆ ಚೆಲ್ಲುತ್ತದೆ ಅಂತ ಅವರಿಗೆ ಗೊತ್ತು. ಸಾಲಿನಲ್ಲಿ ನಿಂತಿದ್ದವರು ಯಾರೂ "ಕೊಡಿ ನಾನು ಹಾಕುತ್ತೇನೆ" ಅನ್ನಲಿಲ್ಲ. ಸುಮ್ನೆ ಕಾದರು. ಆ ಅರ್ಧ ಕಪ್ ಟೀಗೆ ಪೂರ್ತಿ ದುಡ್ಡು ಡಬ್ಬಿಗೆ ಹಾಕಿ ಅವರ ಜೊತೆ ನಿಂತು ಮಾತಾಡಿ ಹೋದರು.

ನನಗೆ ಅಪ್ಪನ ನೆನಪು ತುಂಬ ಆಯಿತು ಅಮ್ಮ. ಸೋಮವಾರದ ಸಂತೆಗೆ ಹೋಗುವುದನ್ನು ಬಿಟ್ಟರು. ಮದುವೆ ಮನೆಗೆ ಹೋದರೂ ಬಲಗೈ ಪ್ಯಾಂಟಿನ ಜೇಬಿನಲ್ಲೇ. ಊಟಕ್ಕೆ ಕೂರದೆ ಬಂದುಬಿಡುತ್ತಾರೆ. ಏನು ತಪ್ಪು ಮಾಡಿದ್ದಾರೆ ಅಂತ ಹೀಗೆ ಮುಚ್ಚಿಟ್ಟುಕೊಳ್ಳಬೇಕು? ಹಾಲಿವುಡ್ ನಟ ಮೈಕಲ್ ಜೆ. ಫಾಕ್ಸ್ ಅವರಿಗೆ 1991ರಲ್ಲಿ, ಇನ್ನೂ 29 ವರ್ಷಕ್ಕೆ, ಇದೇ ಕಾಯಿಲೆ ಅಂತ ಗೊತ್ತಾಯಿತು. ಅವರೂ ಏಳು ವರ್ಷ ಹೊರಗೆ ಹೇಳಲಿಲ್ಲ. 1998ರಲ್ಲಿ ಹೇಳಿದರು. 2000ದಲ್ಲಿ ಸಂಶೋಧನೆಗೆ ದುಡ್ಡು ಕೊಡುವ ಒಂದು ಸಂಸ್ಥೆ ಕಟ್ಟಿದರು. ಈಗ ಅದಕ್ಕೆ ದೊಡ್ಡ ಶ್ರೀಮಂತರೂ ಕೊಡುತ್ತಾರೆ, ಊರೂರಲ್ಲಿ ತಿಂಡಿ ಮಾಡಿ ಮಾರಿ, ಓಡಿ, ಸೈಕಲ್ ಹೊಡೆದು ದುಡ್ಡು ಕೂಡಿಸುವ ಸಾಮಾನ್ಯ ಜನರೂ ಕೊಡುತ್ತಾರೆ.

ಆ ದುಡ್ಡಿನಿಂದ ಆದ ಒಂದು ಕೆಲಸ ನಮಗೆ ಬಹಳ ಹತ್ತಿರದ್ದು. ನಿನಗೆ ನೆನಪಿದೆಯಾ, ಒಂದು ವರ್ಷ ಸ್ಪ್ರಿಂಕ್ಲರ್ ಹಾಕಿ ಎಂಟು ದಿನಕ್ಕೆ ಇಡೀ ತೋಟ ಬೆಳ್ಳಗೆ ಹೂ ಬಿಟ್ಟಿತ್ತು. ಅಪ್ಪ ಮಾತ್ರ "ಈ ಸಲ ಹೂವಿಗೆ ಘಮವೇ ಇಲ್ಲ" ಅಂದರು. ನಮಗೆಲ್ಲ ಮೂಗಿಗೆ ಬಡಿಯುವಷ್ಟು ಘಮ. ಶೀತ ಆಗಿರಬೇಕು ಅಂದುಕೊಂಡೆವು. ಕೈ ನಡುಗಲು ಶುರುವಾಗುವುದಕ್ಕೆ ಎಷ್ಟೋ ವರ್ಷ ಮೊದಲಿನ ಮಾತು ಅದು. ಈ ಕಾಯಿಲೆಯಲ್ಲಿ ಬಹಳ ಜನರಿಗೆ ಮೊದಲು ಹೋಗುವುದು ವಾಸನೆ. 2010ರಿಂದ ಫಾಕ್ಸ್ ಅವರ ಸಂಸ್ಥೆ ಸಾವಿರಾರು ಜನರನ್ನು ವರ್ಷಗಟ್ಟಲೆ ಗಮನಿಸುತ್ತಾ ಬಂದಿದೆ. ಮಿದುಳಿನಲ್ಲಿ ಆಲ್ಫಾ ಸಿನ್ಯೂಕ್ಲಿನ್ ಎಂಬ ಪ್ರೋಟೀನು ಕೆಟ್ಟು ಗಂಟು ಕಟ್ಟುವುದನ್ನು ಬೆನ್ನುಹುರಿಯ ನೀರಿನಲ್ಲೇ ಪತ್ತೆ ಮಾಡಬಹುದು ಅಂತ 2023ರಲ್ಲಿ ಅದರಿಂದ ಗೊತ್ತಾಯಿತು. ಕಾಯಿಲೆಯ ಜೊತೆ ವಾಸನೆಯನ್ನೂ ಕಳೆದುಕೊಂಡವರಲ್ಲಿ ಬಹುತೇಕ ಎಲ್ಲರಲ್ಲೂ ಆ ಪರೀಕ್ಷೆ ಸರಿಯಾಗಿ ಹೇಳಿತು. ಮುಂದೆ ಯಾರ ಅಪ್ಪನಿಗೋ ನಡುಕ ಬರುವ ಮೊದಲೇ ಗೊತ್ತಾಗುವ ದಾರಿ ಇದು.

ಕೊಟ್ಟ ದುಡ್ಡೆಲ್ಲ ಫಲ ಕೊಡುತ್ತದೆ ಅಂತ ನಾನು ಹೇಳುವುದಿಲ್ಲ. ಇಲ್ಲಿ ಟಾಮ್ ಐಸಾಕ್ಸ್ ಅಂತ ಒಬ್ಬರಿದ್ದರು. ಇಪ್ಪತ್ತೇಳರ ಹರೆಯದಲ್ಲಿ ಈ ಕಾಯಿಲೆ ಬಂತು. ಬ್ರಿಟನ್ನಿನ ಕರಾವಳಿಯ ಸುತ್ತ 4,500 ಮೈಲಿ ನಡೆದು ದುಡ್ಡು ಕೂಡಿಸಿದರು. 2005ರಲ್ಲಿ ಕೆಲವರ ಜೊತೆ ಸೇರಿ ಕ್ಯೂರ್ ಪಾರ್ಕಿನ್ಸನ್ಸ್ ಸಂಸ್ಥೆ ಶುರು ಮಾಡಿದರು. ಸಕ್ಕರೆ ಕಾಯಿಲೆಗೆ ಕೊಡುವ ಎಕ್ಸೆನಟೈಡ್ ಎಂಬ ಇಂಜೆಕ್ಷನ್ ಇದಕ್ಕೂ ಆಗಬಹುದಾ ಅಂತ ಮೊದಲ ಸಣ್ಣ ಪ್ರಯೋಗಕ್ಕೆ ಹಣ ಕೊಟ್ಟಿದ್ದು ಆ ಸಂಸ್ಥೆಯೇ. ಆಮೇಲೆ 2017ರಲ್ಲಿ ಬಂದ ಫಲಿತಾಂಶ ನೋಡಿ ಎಲ್ಲರಿಗೂ ಆಸೆ ಹುಟ್ಟಿತು. ಕೊನೆಗೆ 194 ರೋಗಿಗಳ ಮೇಲೆ ಸುಮಾರು ಎರಡು ವರ್ಷದ ದೊಡ್ಡ ಪ್ರಯೋಗ ಆಯಿತು. 2025ರ ಫೆಬ್ರವರಿಯಲ್ಲಿ ಫಲಿತಾಂಶ ಬಂತು. ಉಪಯೋಗ ಆಗಲಿಲ್ಲ. ಟಾಮ್ ಅದನ್ನು ನೋಡಲು ಇರಲಿಲ್ಲ, 2017ರಲ್ಲೇ ತೀರಿಕೊಂಡಿದ್ದರು.

ಹಾಗಾದರೆ ಆ ದುಡ್ಡು ನೀರಿಗೆ ಹಾಕಿದ ಹಾಗೆ ಆಯಿತಲ್ಲ ಅಂತ ಅಣ್ಣ ಕೇಳುತ್ತಾನೆ. ಆಗಲಿಲ್ಲ. ಆ ಪ್ರಯೋಗ ನಡೆಯದೆ ಇದ್ದಿದ್ದರೆ ಅಪ್ಪನಂಥವರು ಇವತ್ತಿಗೂ ಆಸೆಯಿಂದ ಆ ದುಬಾರಿ ಇಂಜೆಕ್ಷನ್ ಚುಚ್ಚಿಸಿಕೊಳ್ಳುತ್ತಿದ್ದರು. ಯಾವುದು ಕೆಲಸ ಮಾಡುವುದಿಲ್ಲ ಅಂತ ಖಚಿತವಾಗಿ ತಿಳಿಯುವುದಕ್ಕೂ ಯಾರೋ ಖರ್ಚು ಮಾಡಲೇಬೇಕು ಅಲ್ವಾ?

ದುಡ್ಡಿನ ಮಾತು ಒಂದೇ ಅಲ್ಲ. ಇಲ್ಲೇ ಸ್ಕಾಟ್‌ಲೆಂಡಿನ ಪರ್ತ್ ಊರಿನ ಜಾಯ್ ಮಿಲ್ನ್ ಎಂಬ ನಿವೃತ್ತ ನರ್ಸ್, ತಮ್ಮ ಗಂಡನ ಮೈವಾಸನೆ ಬದಲಾಗಿದೆ ಅಂತ ಕಾಯಿಲೆ ಗೊತ್ತಾಗುವ ಹತ್ತಕ್ಕೂ ಹೆಚ್ಚು ವರ್ಷ ಮೊದಲೇ ಗಮನಿಸಿದ್ದರು. ಎಡಿನ್‌ಬರಾದಲ್ಲಿ ನಡೆದ ಒಂದು ಸಭೆಯಲ್ಲಿ ಎದ್ದು ನಿಂತು ವಿಜ್ಞಾನಿಯನ್ನು ಅದರ ಬಗ್ಗೆಯೇ ಕೇಳಿದರು. ಆ ವಿಜ್ಞಾನಿ ಮೊದಲು ಅಷ್ಟಾಗಿ ಗಮನ ಕೊಡಲಿಲ್ಲ, ಆಮೇಲೆ ಆಕೆಯನ್ನು ಹುಡುಕಿ ಪರೀಕ್ಷೆ ಮಾಡಿದರು. ಹನ್ನೆರಡು ಜನ ಹಾಕಿದ ಟೀ-ಶರ್ಟ್ ಮೂಸಿ ನೋಡಲು ಕೊಟ್ಟರು. ಆರು ರೋಗಿಗಳದ್ದು, ಆರು ಕಾಯಿಲೆ ಇಲ್ಲದವರದ್ದು. ಆಕೆ ಏಳು ಜನರಿಗೆ ಕಾಯಿಲೆ ಇದೆ ಅಂದರು. ಆ ಏಳನೆಯವರಿಗೂ ಕೆಲವೇ ತಿಂಗಳಲ್ಲಿ ಕಾಯಿಲೆ ಇದೆ ಅಂತ ಗೊತ್ತಾಯಿತು! ಈಗ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಚರ್ಮದ ಜಿಡ್ಡನ್ನು ಹತ್ತಿಯಲ್ಲಿ ಒರೆಸಿ ಪರೀಕ್ಷೆ ಮಾಡುವ ಕೆಲಸ ನಡೆದಿದೆ. ಮನೆಯಲ್ಲಿ ಜೊತೆಗಿರುವ ಹೆಂಗಸಿನ ಮಾತಿನಿಂದ ಹುಟ್ಟಿದ್ದು ಅದು. ನೀನು ಅಪ್ಪನ ಬಗ್ಗೆ ಗಮನಿಸಿದ್ದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಡು. ನಿದ್ದೆಯಲ್ಲಿ ಕೂಗಿಕೊಳ್ಳುವುದು, ಕೂಲಿ ಲೆಕ್ಕದ ಪುಸ್ತಕದಲ್ಲಿ ಅಕ್ಷರ ಸಾಲಿನ ಕೊನೆಗೆ ಹೋಗುವಷ್ಟರಲ್ಲಿ ಸಾಸಿವೆ ಗಾತ್ರ ಆಗುವುದು, ಎಲ್ಲ.

ಅಂದಹಾಗೆ ದೊಡ್ಡಮ್ಮ ಕೊಟ್ಟ ನಸುಗುನ್ನಿ ಬೀಜದ ಪುಡಿ. ಅದು ಮೂಢನಂಬಿಕೆ ಅಂತ ನಾನು ಹೇಳುವುದಿಲ್ಲ. ಅಪ್ಪ ನುಂಗುವ ಮಾತ್ರೆಯಲ್ಲಿರುವ ಲೆವೊಡೋಪಾ ಆ ಬೀಜದಲ್ಲೂ ನಿಜವಾಗಿ ಇದೆ. ಅದಕ್ಕೇ ಡಾಕ್ಟರಿಗೆ ಹೇಳದೆ ಕೊಡಬೇಡ. ಮಾತ್ರೆಯ ಜೊತೆ ಅದೂ ಸೇರಿದರೆ ಪ್ರಮಾಣ ಎಷ್ಟಾಯಿತು ಅಂತ ಯಾರಿಗೂ ಲೆಕ್ಕ ಸಿಗುವುದಿಲ್ಲ. ಆ ಮಾತ್ರೆಯೂ 1960ರ ದಶಕದಿಂದ ಇರುವುದು. ಇವತ್ತಿಗೂ ಅದೇ ಮುಖ್ಯ ಮದ್ದು. ಮೈಕೈ ಆಡಿಸಲು ಮಿದುಳಿಗೆ ಬೇಕಾದ ಡೋಪಮಿನ್ ಎಂಬ ರಾಸಾಯನಿಕ ಕಡಿಮೆಯಾದದ್ದನ್ನು ತುಂಬಿಕೊಡುತ್ತದೆ ಹೊರತು ಮಿದುಳಿನ ಜೀವಕೋಶ ಸಾಯುವುದನ್ನು ನಿಲ್ಲಿಸುವುದಿಲ್ಲ. ನಿಲ್ಲಿಸುವ ಮದ್ದು ಪ್ರಪಂಚದಲ್ಲಿ ಎಲ್ಲೂ ಇಲ್ಲ. 2019ರಲ್ಲೇ ಈ ಕಾಯಿಲೆಯವರು 85 ಲಕ್ಷಕ್ಕೂ ಹೆಚ್ಚು ಅಂತ ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿತ್ತು. ಸಂಶೋಧನೆ ಬೇಕು ಅಂತ ನಾನು ಇಷ್ಟು ಬಡಿದುಕೊಳ್ಳುವುದು ಇದಕ್ಕೇ.

ಅಣ್ಣನಿಗೆ ಒಂದು ಮಾತು. ಪ್ಯಾರಾಕ್ವಾಟ್ ಎಂಬ ಕಳೆನಾಶಕ ಹೊಡೆದವರಲ್ಲಿ ಈ ಕಾಯಿಲೆ ಸುಮಾರು ಎರಡೂವರೆ ಪಟ್ಟು ಕಂಡಿತು ಅಂತ 2011ರಲ್ಲಿ ಅಮೆರಿಕದ ರೈತರ ಒಂದು ಅಧ್ಯಯನ ಹೇಳಿತು. ಯುರೋಪಿಯನ್ ಒಕ್ಕೂಟದಲ್ಲಿ 2007ರಿಂದ ಅದಕ್ಕೆ ಅನುಮತಿ ಇಲ್ಲ. ಅಪ್ಪನಿಗೆ ಅದರಿಂದಲೇ ಬಂತು ಅಂತ ಯಾರೂ ಹೇಳಲಾಗುವುದಿಲ್ಲ, ನಾನೂ ಹೇಳುವುದಿಲ್ಲ. ಆದರೆ ತೋಟದಲ್ಲಿ ಆ ಡಬ್ಬಿ ಇದ್ದರೆ ಇನ್ನು ಬೇಡ. ಕಳೆ ಹೊಡೆಯುವ ಮಿಷನ್ನಿನಲ್ಲೇ ಮಾಡಿಸು. ಔಷಧಿ ಹೊಡೆಯಲು ಬರುವ ಹುಡುಗರು ಬರಿಗೈಯಲ್ಲಿ ಕಲಸುವುದನ್ನು ನೀನು ನೋಡಿಕೊಂಡು ಸುಮ್ನಿರಬೇಡ.

ಇನ್ನು ನಮ್ಮ ಊರಿನ ವಿಷಯಕ್ಕೆ ಬರುತ್ತೇನೆ. ಕೊಡಗಿನವರಿಗೆ ಸೇರಿ ಮಾಡುವುದನ್ನು ಯಾರೂ ಕಲಿಸಬೇಕಾಗಿಲ್ಲ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿ ಶುರು ಮಾಡಿದರು. ಒಂದೊಂದು ಸಲ ಒಂದೊಂದು ಮನೆತನ ಹೊಣೆ ಹೊತ್ತು ಈಗ ನೂರಾರು ತಂಡ ಆಡುತ್ತವೆ. 2018ರ ಆಗಸ್ಟಿನಲ್ಲಿ ಬೆಟ್ಟ ಕುಸಿದಾಗ ನೀನೇ ನಿರಾಶ್ರಿತರ ಕೇಂದ್ರಕ್ಕೆ ಪಾತ್ರೆಗಟ್ಟಲೆ ಅನ್ನ ಮಾಡಿ ಕಳಿಸಿದವಳು. ಆಗ ಎಲ್ಲಿಂದೆಲ್ಲಿಂದಲೋ ಜನ ನಮ್ಮ ಜಿಲ್ಲೆಗೆ ಅಕ್ಕಿ, ಹೊದಿಕೆ, ದುಡ್ಡು ಕಳಿಸಿದರು. ಅದನ್ನು ತೆಗೆದುಕೊಂಡ ನಮ್ಮವರನ್ನು ಯಾರಾದರೂ ಕೈ ಚಾಚಿದವರು ಅಂದರಾ?

ಮಳೆಗಾಲದಲ್ಲಿ ಯುವಕ ಸಂಘದವರು ಕೆಸರುಗದ್ದೆ ಆಟ ಇಡುತ್ತಾರಲ್ಲ, ಅಲ್ಲಿಂದ ಶುರು ಮಾಡೋಣ ಅಂತ ನನ್ನ ಆಸೆ. ಹಗ್ಗಜಗ್ಗಾಟಕ್ಕೆ ತಂಡದ ಪ್ರವೇಶ ಶುಲ್ಕ, ಒಂದು ಕಾಫಿ ಟೇಬಲ್, ಅತ್ತಿಗೆಯ ಕಡುಬು. ಬಂದಷ್ಟು ಬರಲಿ. ಆದರೆ ಮೊದಲು ಮೂರು ಕೆಲಸ ಆಗಬೇಕು. ಬೆಂಗಳೂರಿನ ನಿಮ್ಹಾನ್ಸ್‌ಗೆ ಪತ್ರ ಬರೆದು, ಪಾರ್ಕಿನ್ಸನ್ ಸಂಶೋಧನೆಗೆ ಅಂತಲೇ ಕೊಟ್ಟ ದುಡ್ಡನ್ನು ಯಾವ ರೀತಿ ತೆಗೆದುಕೊಳ್ಳುತ್ತೀರಿ ಅಂತ ಬರಹದಲ್ಲಿ ಕೇಳಬೇಕು. ಅದನ್ನು ನಾನು ಬರೆಯುತ್ತೇನೆ. ದುಡ್ಡು ಯಾರ ಖಾತೆಗೂ ಹೋಗಬಾರದು, ಸಂಘದ ಖಾತೆಗೇ ಬಂದು ರಸೀದಿ ಆಗಬೇಕು, ಲೆಕ್ಕ ಪಂಚಾಯಿತಿ ಬೋರ್ಡಿನಲ್ಲಿ ಹಾಕಬೇಕು. ಇನ್ನೊಂದು, ನಮ್ಮ ಸುತ್ತಿನ ಊರುಗಳಲ್ಲಿ ಈ ಕಾಯಿಲೆ ಇರುವ ಇನ್ನೂ ಎಷ್ಟು ಮನೆ ಇವೆ ಅಂತ ಮೆಲ್ಲಗೆ ಕೇಳಿ ನೋಡು. ಸಂತೆಗೆ ಬರದೆ ಮನೆಯಲ್ಲೇ ಕೂತವರು ಅಪ್ಪ ಒಬ್ಬರೇ ಇರಲಾರರು. ಅವರೆಲ್ಲ ಒಂದು ದಿನ ಒಟ್ಟಿಗೆ ಕೂತು ಮಾತ್ರೆ ಸಮಯ, ನಿದ್ದೆ, ಬಿದ್ದದ್ದು ಎಲ್ಲ ಮಾತಾಡಿಕೊಂಡರೆ ಅದೇ ಅರ್ಧ ಕೆಲಸ.

ಸಂಶೋಧನೆಗೆ ನಮ್ಮ ಜನರೂ ಬೇಕು ಅಮ್ಮ. ಈ ಕಾಯಿಲೆಯ ವಂಶವಾಹಿಗಳ ಬಗ್ಗೆ ಇಲ್ಲಿಯವರೆಗೆ ಗೊತ್ತಾಗಿರುವುದು ಹೆಚ್ಚಾಗಿ ಯುರೋಪ್ ಮೂಲದವರ ರಕ್ತದಿಂದ. 2023ರಲ್ಲಿ ಆಫ್ರಿಕಾ ಮೂಲದವರನ್ನು ಸೇರಿಸಿಕೊಂಡು ನೋಡಿದಾಗ, ಮೊದಲು ಯಾರಿಗೂ ಗೊತ್ತಿಲ್ಲದ ಒಂದು ವ್ಯತ್ಯಾಸ ಅವರಲ್ಲಿ ಸಿಕ್ಕಿತು. ನಮ್ಮಲ್ಲಿ ಏನಿದೆಯೋ, ನೋಡಿದರೆ ತಾನೇ ತಿಳಿಯುವುದು? ಕೋಲಾರದ ಶ್ರೀನಿವಾಸಪುರದ ಕಡೆಯ ಹಳ್ಳಿಯವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರಕ್ಕೆ ವರ್ಷ ವರ್ಷ ರಕ್ತ ಕೊಟ್ಟು ಪರೀಕ್ಷೆ ಮಾಡಿಸಿಕೊಳ್ಳುತ್ತಿದ್ದಾರೆ. ಅದು ಮುಖ್ಯವಾಗಿ ಮರೆವಿನ ಕಾಯಿಲೆಗೆ. ಹೊಲ ಗದ್ದೆ ಮಾಡುವ ಜನ ಅವರು, ನಮ್ಮ ಹಾಗೆಯೇ.

ಇಷ್ಟೆಲ್ಲ ಬರೆದರೂ ಕೊನೆಯ ಮಾತು ಅಪ್ಪನದ್ದು. ಅವರ ಹೆಸರು ಹೇಳಬೇಕೋ ಬೇಡವೋ ಅವರೇ ಹೇಳಲಿ. ಬೇಡ ಅಂದರೆ ಅವರ ಹೆಸರಿಲ್ಲದೆ ಮಾಡೋಣ, ಒತ್ತಾಯ ಮಾಡಬೇಡ. ಸರಿ ಅಂದರೆ ಕಾಫಿ ಟೇಬಲ್ಲಿನಲ್ಲಿ ಅವರನ್ನೇ ಕೂರಿಸಿ. ಲೋಟ ಅರ್ಧವೇ ತುಂಬಿಸಲಿ, ಬಂದವರು ಕಾಯಲಿ.

ಬೆಳಗಿನ ಮಾತ್ರೆ ತಿಂಡಿಗೆ ಅರ್ಧ ಗಂಟೆ ಮೊದಲೇ ಕೊಡುತ್ತಿದ್ದೀಯ ತಾನೇ? ಮೊಟ್ಟೆ, ಬೇಳೆ ಜೊತೆಗೇ ಕೊಟ್ಟರೆ ಅದು ಸರಿಯಾಗಿ ಹತ್ತುವುದಿಲ್ಲ. ಅಣ್ಣನಿಗೆ ಸಂಘದ ಅಧ್ಯಕ್ಷರನ್ನು ಈ ವಾರವೇ ನೋಡಲು ಹೇಳು. ಭಾನುವಾರ ಸಂಜೆ ಫೋನ್ ಮಾಡುತ್ತೇನೆ, ಅಪ್ಪನನ್ನೂ ಹತ್ತಿರ ಕೂರಿಸಿಕೊ.

ಇಂತಿ ನಿನ್ನ ಮಗಳು,
ಪುಟ್ಟಿ